ಮೂರನೇ ಮಹಡಿ, ಲಿಫ್ಟ್ ಇಲ್ಲ

ಜನವರಿ 8, ಬುಧವಾರ. ಮಧ್ಯಾಹ್ನ

ಓದುಗರು ಫೋನ್ ಮಾಡುವ ಹೊತ್ತು ಮುಗಿಯಿತು. ಕಿವಿ ಬಿಸಿಯಾಗಿದೆ. ವಾರಕ್ಕೊಮ್ಮೆ ಈ ಶಿಕ್ಷೆ — ‘ಮನೆ ಕೊಳ್ಳುವವರೇ, ಮಾರುವವರೇ, ನಮ್ಮನ್ನು ಕೇಳಿ’. ನಮ್ಮನ್ನು ಎಂದರೆ ನನ್ನನ್ನು. ಪೇಪರಿನಲ್ಲಿ ಮನೆ-ನಿವೇಶನ ಪುಟಕ್ಕೆ ಇರುವುದು ನಾನೊಬ್ಬಳೇ. ಸ್ವಂತಕ್ಕೆ ಒಂದು ಗೂಡೂ ಇಲ್ಲದವಳು.

ಮೊದಲನೆಯವರು, ಅಣ್ಣತಮ್ಮಂದಿರ ಜಗಳ, ಅರ್ಧ ಮನೆ ಮಾರಬಹುದಾ. ಮಾರಬಹುದು ಸ್ವಾಮಿ, ಅರ್ಧ ಮನೆ ಕೊಳ್ಳುವವರು ಸಿಗಬೇಕಲ್ಲ. ಆಮೇಲೆ ಆ ನಿವೃತ್ತ ಮೇಷ್ಟ್ರು. ರೇಟು ಯಾವಾಗ ಇಳಿಯುತ್ತೆ ಎಂದು ಪ್ರತಿ ವಾರ ಕೇಳುತ್ತಾರೆ. ಇಳಿಯಲ್ಲ ಸಾರ್ ಎಂದರೆ ಸಮಾಧಾನವಾಗಿ ಫೋನ್ ಇಡುತ್ತಾರೆ.

ಕೊನೆಯದು ಒಬ್ಬ ಹುಡುಗಿ. ಹೊಸದಾಗಿ ಮದುವೆಯಾದ ದನಿ.

“ಮೇಡಂ, ಒಂದು ಫ್ಲ್ಯಾಟ್ ನೋಡಿದೀವಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಅದಕ್ಕೇ ನಮ್ಮ ಕೈಗೆಟುಕೋ ರೇಟು. ಪಕ್ಕದ ಸೈಟಲ್ಲಿ ದೊಡ್ಡ ಗುಂಡಿ ತೋಡ್ತಿದಾರೆ. ಹಾಲ್ ಗೋಡೇಲಿ ಒಂದು ಗೆರೆ ಇದೆ. ಬರೀ ಬಣ್ಣ ಬಿರಿದಿದೆ ಅಂದ್ರು ಆ ಆಂಟಿ. ಅಷ್ಟೇನಾ ಮೇಡಂ?”

“ಯಾಕೆ ಮಾರ್ತಿದಾರಂತೆ?” — ಇದು ಎಲ್ಲರಿಗೂ ನಾನು ಕೇಳುವ ಪ್ರಶ್ನೆ.

“ಅಂಕಲ್‌ಗೆ ಒಂದು ಕಾಲಿಲ್ಲ. ಮೊದಲು ಬಸ್ ಡ್ರೈವರ್ ಆಗಿದ್ರಂತೆ. ಕಿಟಕಿ ಪಕ್ಕ ಮಂಚದ ಮೇಲೇ ಇರ್ತಾರೆ. ಕೆಳಗೆ ಇಳಿಯೋಕಾಗಲ್ಲ. ಪಾಪ.”

ಅಕ್ಕನ ಮನೆ. ಭಾವ.

ಬೇರೆ ಯಾರದೇ ಮನೆಯಾಗಿದ್ದರೂ ಥಟ್ಟನೆ ಹೇಳಿಬಿಡುತ್ತಿದ್ದೆ. ಹುಡುಗಿ “ಹಲೋ? ಹಲೋ ಮೇಡಂ?” ಎನ್ನುತ್ತಿದ್ದಾಳೆ. ಕೊನೆಗೆ ಹೇಳಿದೆ. ಅಡ್ವಾನ್ಸ್ ಕೊಡುವ ಮುಂಚೆ ಒಬ್ಬ ಎಂಜಿನಿಯರನ್ನು ಕರೆದುಕೊಂಡು ಹೋಗಿ ತೋರಿಸಿ. ಅವರು ಹೇಳುವವರೆಗೆ ಯಾವುದಕ್ಕೂ ಸಹಿ ಹಾಕಬೇಡಿ.

“ಥ್ಯಾಂಕ್ಸ್ ಮೇಡಂ.”

ಅಷ್ಟೇ. ಎಲ್ಲರಿಗೂ ಹೇಳುವುದನ್ನೇ ಹೇಳಿದ್ದು. ಎಲ್ಲರಿಗೂ ಹೇಳುವುದನ್ನೇ...

ಜನವರಿ 9, ಗುರುವಾರ

ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಮೆಟ್ಟಿಲು ಹತ್ತುವಾಗಲೇ ಪಂಪಿನ ಸದ್ದು. ಪಕ್ಕದ ಗುಂಡಿಯಿಂದ ಹಗಲಿಡೀ ನೀರೆತ್ತುತ್ತಾರೆ. ದೊಡ್ಡ ಕಟ್ಟಡ ಬರುತ್ತದಂತೆ, ನೆಲದಡಿ ಎರಡು ಅಂತಸ್ತು ಪಾರ್ಕಿಂಗ್. ಕಂಬಿ ಹಿಡಿದರೆ ಸಣ್ಣಗೆ ನಡುಕ.

“ಬಾರಮ್ಮ ಪೇಪರಮ್ಮ!” ಭಾವ ಕಿಟಕಿಯ ಪಕ್ಕದಿಂದಲೇ. “ಹೇಗಿದೆ ಮಾರ್ಕೆಟ್ಟು?”

“ಏರ್ತಾ ಇದೆ ಭಾವ.”

“ಇಲ್ಲಿ ಇಳೀತಾ ಇದೆ ನೋಡು.” ಗುಂಡಿ ತೋರಿಸಿ ನಕ್ಕರು.

ಸಕ್ಕರೆ ಕಾಯಿಲೆಗೆ ಬಲಗಾಲು ಹೋದದ್ದು ಹಿಂದಿನ ಬೇಸಿಗೆಯಲ್ಲಿ. ಆಸ್ಪತ್ರೆಯಿಂದ ಬಂದಾಗ ನೆರೆಯವರು ಎತ್ತಿಕೊಂಡು ಮೇಲೆ ತಂದು ಮಲಗಿಸಿದ್ದೇ ಕೊನೆ. ಮತ್ತೆ ಇಳಿದಿಲ್ಲ. ಜೀವಮಾನವೆಲ್ಲ ರಸ್ತೆಯಲ್ಲೇ ಇದ್ದ ಮನುಷ್ಯ. ಈಗ ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ. ‘ಶಟಲ್ ಸರ್ವಿಸ್’ ಎನ್ನುತ್ತಾರೆ.

ಹಾಲಿನ ಬೀರು ಜಾಗ ಬದಲಾಗಿ ಆ ಗೆರೆಗೆ ಅಡ್ಡ ನಿಂತಿದೆ. ಹಿಂದೆ ಕೈ ಹಾಕಿ ನೋಡಿದೆ. ಬಿರುಕಿನೊಳಗೆ ಉಗುರು ಪೂರ್ತಿ ಹೋಯಿತು. ಒಳಗಿನಿಂದ ತಣ್ಣನೆ ಗಾಳಿ.

ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದೆ. “ಅದು ಬಣ್ಣ ಅಲ್ಲ ಅಕ್ಕ.”

“ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ?”

“ಗೊತ್ತಿದ್ದೂ ಮಾರ್ತೀಯಾ?”

“ಗೊತ್ತಿದ್ದೂ ಇಲ್ಲೇ ಮಲಗ್ತೀನಲ್ಲೇ, ದಿನಾ! ಏನಾದ್ರೂ ಆದ್ರೆ ಅವರನ್ನ ಎತ್ಕೊಂಡು ನಾನೊಬ್ಬಳೇ ಇಳಿಯೋಕಾಗುತ್ತಾ? ಆ ಹುಡುಗ, ಹುಡುಗಿಗೆ ಎರಡೆರಡು ಕಾಲಿದೆ. ಓಡಿ ಇಳೀತಾರೆ.”

ಹೇಳಿ ಮುಗಿಸಿದ ಮೇಲೆ ತಾನೇ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಅವಳು ಕೆಟ್ಟವಳಲ್ಲ. ಅಮ್ಮ ಹೋದ ಮೇಲೆ ನನಗೆ ಜಡೆ ಹೆಣೆದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು. ಕಾಲುವೆ ಬೀದಿಯಲ್ಲಿ ನೆಲಮಟ್ಟದ ಒಂದು ಮನೆ ನೋಡಿಟ್ಟಿದ್ದಾಳೆ. ಮೆಟ್ಟಿಲೇ ಇಲ್ಲ. ಗಾಲಿಕುರ್ಚಿ ಹೊಸಿಲು ದಾಟಿದರೆ ರಸ್ತೆ. ಭಾವ ಅವಳ ಕೈಯಲ್ಲಿ ಟೇಪು ಕಳಿಸಿ ಬಾಗಿಲಿನ ಅಗಲ ಅಳೆಸಿಕೊಂಡಿದ್ದಾರೆ. ಇದು ಮಾರಿದರೆ ಅದು.

“ಅಲ್ಲೀತನಕ ನನ್ನ ಮನೆಗೆ ಬಂದುಬಿಡಿ” ಎಂದೆ.

“ಬಾಡಿಗೆ ಮನೆ, ಇರೋದು ಒಂದು ರೂಮು. ತಂಗಿ ಮನೇಲಿ ಎಷ್ಟು ದಿನ ಅಂತ ಬಿದ್ದಿರೋದು?”

ನಿನ್ನೆಯ ಫೋನಿನ ಸುದ್ದಿ ಹೇಳಬೇಕೆಂದೇ ಹೋಗಿದ್ದೆ. ಹೇಳದೆ ಇಳಿದು ಬಂದೆ.

ಜನವರಿ 11, ಶನಿವಾರ

ಸಂಪಾದಕರ ಮುಂದೆ ಕೂತೆ. ಆಳದ ಗುಂಡಿ, ಪಕ್ಕದ ಹಳೆ ಕಟ್ಟಡಗಳು, ಬಿರುಕು — ಒಂದು ಲೇಖನ ಮಾಡೋಣ ಸಾರ್ ಎಂದೆ.

“ಬಿರುಕು ನಿಮ್ಮ ಪುಟದ್ದಲ್ಲಮ್ಮ. ಅದು ಸಿಟಿ ಪುಟದ್ದು.”

ಸಿಟಿ ಪುಟದವನ ಹತ್ತಿರ ಹೋದೆ. ಅವನು ಪೇಪರ್ ಮಗುಚಿ ಹಿಂಬದಿ ತೋರಿಸಿದ. ಆ ಗುಂಡಿ ತೋಡಿಸುತ್ತಿರುವ ಬಿಲ್ಡರಿನದೇ ಜಾಹೀರಾತು, ಇಡೀ ಪುಟ. ಈಜುಕೊಳದ ಪಕ್ಕ ಒಂದು ಕುಟುಂಬ ನಗುತ್ತಿದೆ.

ವಾಪಸು ಬಂದು ನನ್ನ ವಾರದ ಸಾಲುಗಳನ್ನು ಬರೆದೆ. ‘ಪೂರ್ವ ಬಡಾವಣೆಯಲ್ಲಿ ಬೇಡಿಕೆ ಚುರುಕು. ಮಾರುವವರಿಗೆ ಸುಗ್ಗಿ.’

ಜನವರಿ 20, ಸೋಮವಾರ

ಅಕ್ಕನ ಫೋನ್. ಅಳುತ್ತಿರಲಿಲ್ಲ. ಅಳುತ್ತಿದ್ದರೆ ಚೆನ್ನಾಗಿತ್ತು.

“ಎಂಜಿನಿಯರ್ ಕರ್ಕೊಂಡು ಬಂದಿದ್ರು. ಬಂದವನೇ ಬೀರು ಸರಿಸಿ ಅಂದ. ಟಾರ್ಚು ಬಿಟ್ಟು ನೋಡಿದ. ಆ ಹುಡುಗಿ ಮೆಟ್ಟಿಲಿಳೀತಾ ಗಂಡಂಗೆ ಏನಂದ್ಲು ಗೊತ್ತಾ? ಪೇಪರ್ ಮೇಡಂ ಹೇಳಿದ್ದು ಒಳ್ಳೇದಾಯ್ತು ಅಂದ್ಲು. ಯಾವ ಮೇಡಂ ಅಂತ ಇನ್ನೊಬ್ರನ್ನ ಕೇಳ್ಬೇಕಾ ನಾನು?”

“ಅಕ್ಕ, ಅವಳು ಕೇಳಿದ್ಲು. ನಾನು ಎಲ್ರಿಗೂ—”

“ಎಲ್ರಿಗೂ! ನಾನೂ ಎಲ್ರ ಹಾಗೇ ಆಗ್ಬಿಟ್ನಾ ನಿನಗೆ?”

ಇಟ್ಟುಬಿಟ್ಟಳು.

ಫೆಬ್ರವರಿ 16, ಭಾನುವಾರ

ಇಷ್ಟು ದಿನವೂ ಅಕ್ಕ ಫೋನ್ ಎತ್ತಲಿಲ್ಲ. ಇವತ್ತು ನಾನೇ ಹೋದೆ. ಬಾಗಿಲು ತೆಗೆದು, ಮುಖ ನೋಡಿ, ಒಳಗೆ ಹೋದಳು. ಮುಚ್ಚಲಿಲ್ಲ, ಅಷ್ಟೇ ಪುಣ್ಯ.

ಮನೆಯೆಲ್ಲ ಹೊಸ ಬಣ್ಣದ ವಾಸನೆ. ಬಿರುಕಿಗೆ ಸಿಮೆಂಟು ತುಂಬಿಸಿ ಮೇಲೆ ಕೆನೆಬಣ್ಣ ಬಳಿಸಿದ್ದಾಳೆ. ಬೀರು ಮತ್ತೆ ಹಳೆಯ ಜಾಗಕ್ಕೆ. ಗೊತ್ತಿಲ್ಲದವರಿಗೆ ಏನೂ ಕಾಣುವುದಿಲ್ಲ.

ಹೊಸ ಗಿರಾಕಿ ಸಿಕ್ಕಿದ್ದಾರೆ, ಭಾವ ಹೇಳಿದರು. ಆಸ್ಪತ್ರೆಯಿಂದ ನಿವೃತ್ತಿಯಾದ ನರ್ಸಮ್ಮ. ಒಂಟಿ. ಮೂರನೇ ಮಹಡಿಯಾದರೂ ಪರವಾಗಿಲ್ಲ, ಗಾಳಿ ಬೆಳಕು ಸಾಕು ಅಂದರಂತೆ. ಶುಕ್ರವಾರ ಮನೆ ನೋಡಲು ಬರುತ್ತಾರೆ. ಕಾಲುವೆ ಬೀದಿಯವನು ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಾನೆ.

ಹೊರಡುವಾಗ ಅಕ್ಕ ಬಾಗಿಲಿಗೆ ಬಂದಳು. “ಈ ಸಲ ಬಾಯಿ ಬಿಟ್ರೆ ನನ್ನ ಪಾಲಿಗೆ ನೀನಿಲ್ಲ, ನಿನ್ನ ಪಾಲಿಗೆ ನಾನಿಲ್ಲ.”

“ಬಿಡಲ್ಲ.”

ನಿಜವಾಗಿಯೂ ಬಿಡಲ್ಲ. ಆ ನರ್ಸಮ್ಮನ ನಂಬರ್ ನನ್ನಲ್ಲಿಲ್ಲ. ಹುಡುಕಿದರೆ ಸಿಗುತ್ತದೆ. ಹುಡುಕುವುದಿಲ್ಲ. ಫೋನ್ ಮಾಡಿ ಕೇಳಿದವರಿಗೆ ಹೇಳುವುದು ನನ್ನ ಕೆಲಸ. ಕೇಳದೆ ಇದ್ದವರಿಗೆ... ಭಾವ ರಸ್ತೆ ಕಂಡು ವರ್ಷವಾಗುತ್ತ ಬಂತು. ನನಗೂ ಒಬ್ಬಳೇ ಅಕ್ಕ.

ಫೆಬ್ರವರಿ 22, ಶನಿವಾರ

ಅಕ್ಕ ಆಫೀಸಿಗೇ ಬಂದಳು. ಎಲ್ಲರ ಮುಂದೆ. ಟೈಪು ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು.

“ನರ್ಸಮ್ಮ ಬೇಡ ಅಂದ್ಬಿಟ್ರು. ಗೋಡೆ ವಿಷಯ ಗೊತ್ತಾಯ್ತು ಅಂದ್ರು. ಯಾರು ಹೇಳಿದ್ದು ಅಂದ್ರೆ ಬಾಯಿ ಬಿಡಲ್ಲ. ಸಂತೋಷ ಆಯ್ತಾ? ಊರಿಗೆಲ್ಲ ಉಪಕಾರ ಆಯ್ತಲ್ಲ, ಇನ್ನು ನಿಮ್ಮ ಭಾವನ ಹೆಣ ಇಳಿಸೋಕೆ ನೀನೇ ಬಾ!”

“ನಾನಲ್ಲ ಅಕ್ಕ. ನಿನ್ನಾಣೆ ನಾನಲ್ಲ.”

“ನನ್ನ ಆಣೆ ಇಡಬೇಡ. ಈ ಜೀವ ಒಂದು ಉಳಿದಿದೆ.”

ಹೋದಳು. ಚಪ್ಪಲಿ ಸದ್ದು ಮೆಟ್ಟಿಲ ತುದಿವರೆಗೂ ಕೇಳಿಸಿತು. ಯಾರೋ ಒಂದು ಲೋಟ ನೀರು ತಂದಿಟ್ಟರು. ನಾನಲ್ಲ. ಹಾಗಾದರೆ ಯಾರು?

ಫೆಬ್ರವರಿ 23, ಭಾನುವಾರ

ಭಾವನ ಫೋನ್. ಅಕ್ಕ ಅಂಗಡಿಗೆ ಹೋದ ಹೊತ್ತು ನೋಡಿ ಮಾಡಿದ್ದು. ಗುಟ್ಟಿನ ದನಿ.

“ಪೇಪರಮ್ಮ, ಬೇಜಾರು ಮಾಡ್ಕೋಬೇಡ. ಹೇಳಿದ್ದು ನಾನು.”

“ಭಾವ!”

“ಅಕ್ಕ ಕಾಫಿ ಮಾಡೋಕೆ ಒಳಗೆ ಹೋಗಿದ್ಲು. ಆ ಯಮ್ಮ ಗೋಡೆ ನೋಡ್ಲಿಲ್ಲ, ಕಿಟಕಿ ನೋಡ್ಲಿಲ್ಲ, ನೇರ ನನ್ನ ಕಾಲು ನೋಡಿದ್ಲು. ಕಟ್ಟು ಸಡಿಲ ಆಗಿದೆಯಲ್ಲಪ್ಪ ಅಂತ ಕೂತ್ಕೊಂಡು, ಬಿಚ್ಚಿ, ಮತ್ತೆ ಕಟ್ಟಿದ್ಲು. ಯಾರು ಕೇಳಿದ್ರು ಅವಳನ್ನ? ಆಮೇಲೆ ನಾನು ಹೇಗಮ್ಮ ಸುಮ್ನಿರ್ಲಿ? ಆ ಹೊಸ ಬಣ್ಣದ ಮೇಲೆ ಸ್ವಲ್ಪ ಬಡಿದು ನೋಡಿ ತಾಯಿ ಅಂದೆ. ನಾನು ಅಂದಿದ್ದು ಅಂತ ಹೇಳ್ಬೇಡಿ ಅಂತಾನೂ ಅಂದೆ.”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ನಿಮ್ಮಕ್ಕಂಗೆ ಹೇಳ್ಬೇಡ, ಆಯ್ತಾ? ನಿನಗೆ ಬೇರೆ ಮನೆ ಇದೆ, ಎದ್ದು ಹೋಗ್ಬಹುದು. ನಾನು ಎಲ್ಲಿಗೆ ಹೋಗ್ಲಿ? ಇದೇ ಮಂಚ, ಅವಳದೇ ಕೈ.”

ನಗುತ್ತಲೇ ಹೇಳಿದರು. ಕೊನೆಯಲ್ಲಿ ಆ ನಗು ಎಲ್ಲೋ ಕಳಚಿಕೊಂಡಿತು. ಕಾಲುವೆ ಬೀದಿಯ ಬಾಗಿಲಿನ ಅಗಲ ಗೊತ್ತಿದ್ದ ಮನುಷ್ಯ. ಅದನ್ನು ಕೈಯಾರೆ ಮುಚ್ಚಿಕೊಂಡರು.

ಆಗಲಿ ಭಾವ, ಎಂದೆ. ಹೇಳಿದ್ದು ನಾನೇ ಅಂತ ಅಕ್ಕ ಅಂದುಕೊಳ್ಳಲಿ.

ನರ್ಸಮ್ಮನಿಗೆ ಹೇಳಬಾರದೆಂದು ನಾನು ತೀರ್ಮಾನಿಸಿದ್ದೆ. ಅದೂ ಇಲ್ಲಿ ಬರೆದಿದೆ.

ಮಾರ್ಚ್ 12, ಬುಧವಾರ

ನಗರಸಭೆಗೆ ಮೂರನೇ ಸಲ. ಗುಂಡಿಯ ಬಗ್ಗೆ ಅರ್ಜಿ ಕೊಟ್ಟದ್ದಕ್ಕೆ ಎಂಜಿನಿಯರ್ ಸಾಹೇಬರು ಸ್ಥಳಕ್ಕೆ ಬರುತ್ತಾರಂತೆ. ಯಾವಾಗ? “ಬಂದಾಗ ಗೊತ್ತಾಗುತ್ತಲ್ಲ ಮೇಡಂ.”

ಕಾಲುವೆ ಬೀದಿ ಮನೆ ಬೇರೆಯವರಿಗೆ ಹೋಯಿತು. ಭಾವನೇ ಫೋನಿನಲ್ಲಿ ಹೇಳಿದರು. “ಬಸ್ಸು ಹೋಯ್ತು. ಇನ್ನೊಂದು ಬರುತ್ತೆ ಬಿಡು.” ಅಕ್ಕ ಅವರ ಜೊತೆಯೂ ಹೆಚ್ಚು ಮಾತಾಡುವುದಿಲ್ಲವಂತೆ. ಗೋಡೆಯ ಕೆನೆಬಣ್ಣದ ಮೇಲೆ ಮತ್ತೆ ಗೆರೆ ಮೂಡಿದೆ. ಈ ಸಲ ಎರಡು.

ಮಧ್ಯಾಹ್ನ ಮೇಷ್ಟ್ರು ಕೇಳಿದರು, ರೇಟು ಯಾವಾಗ ಇಳಿಯುತ್ತೆ. ಏನೋ ಹೇಳಿದೆ.

ಮಾರ್ಚ್ 28, ಶುಕ್ರವಾರ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಗುಂಡಿಯ ಒಂದು ಅಂಚು ಕುಸಿಯಿತು. ಕಾಂಪೌಂಡ್ ಗೋಡೆ ಅದರೊಳಗೆ ಹೋಯಿತು. ಅಕ್ಕನ ಕಟ್ಟಡದ ಮೂಲೆಯ ಕಂಬ ಬಾಯಿಬಿಟ್ಟಿತು. ಸಿಟಿ ಪುಟದವನು ಹೇಳಿದ ತಕ್ಷಣ ಓಡಿದೆ. ಅಗ್ನಿಶಾಮಕದವರು ಎಲ್ಲರನ್ನೂ ಹೊರಗೆ ಹಾಕುತ್ತಿದ್ದರು. ಜನ ಹಾಸಿಗೆ, ಟಿವಿ, ಕುಕ್ಕರ್ ಹಿಡಿದು ರಸ್ತೆಯಲ್ಲಿ.

ಭಾವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ತಂದರು. ಕೆಳಗೆ ನಿಂತವಳಿಗೆ ಮೊದಲು ಕೇಳಿಸಿದ್ದು ಅವರ ದನಿ.

“ನಿಧಾನ... ಟರ್ನಿಂಗ್ ಇದೆ. ಲೆಫ್ಟ್ ತಗೊಳ್ಳಿ. ಹಾಂ, ರೈಟ್ ರೈಟ್!”

ಹೊತ್ತವರಿಗೆ ನಗು, ಬೆವರು. ತಿರುವಿನಲ್ಲಿ ಅವರ ಎಡಗಾಲು ಕಂಬಿಗೆ ಉಜ್ಜಿತು. ಆ ಗಡಿಬಿಡಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ನಾನೂ. ಅವರಿಗೂ ಗೊತ್ತಾಗಲಿಲ್ಲ. ಆ ಕಾಲಿಗೂ ಸ್ಪರ್ಶ ಕಡಿಮೆಯಾಗಿ ಬಹಳ ದಿನವಾಗಿತ್ತು.

ರಸ್ತೆಗೆ ತಂದು ಇಳಿಸಿದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಆ ಕಡೆ ಈ ಕಡೆ ನೋಡಿದರು. ಒಂದು ಬಸ್ಸು ಹೋಯಿತು. ಅದು ತಿರುವು ದಾಟುವವರೆಗೂ ಕತ್ತು ತಿರುಗಿಸಿ ನೋಡಿದರು. “ಕ್ಲಚ್ ಹೋಗಿದೆ ಅದರದ್ದು.” ಮುಖದಲ್ಲಿ ಎಂಥ ಖುಷಿ. ಸುತ್ತ ಜನ ಅಳುತ್ತಿದ್ದರು.

ಅಕ್ಕ ಕೊನೆಗೆ ಬಂದಳು. ಬರಿಗಾಲು. ಕೈಯಲ್ಲಿ ಭಾವನ ಔಷಧಿ ಚೀಲ, ಅವರ ಒಂದಷ್ಟು ಶರ್ಟು. ತನ್ನದು ಅಂತ ಏನೂ ತಂದಿಲ್ಲ. ನನ್ನನ್ನು ನೋಡಿದಳು, ನೋಡದ ಹಾಗಾದಳು.

ಬಾಗಿಲಿಗೆ ಮೊಹರು ಬಿತ್ತು. ಇನ್ನು ಅದನ್ನು ಯಾರೂ ಕೊಳ್ಳುವುದಿಲ್ಲ, ಮಾರುವುದಿಲ್ಲ.

ಈಗ ಇಬ್ಬರೂ ನನ್ನ ಮನೆಯಲ್ಲಿದ್ದಾರೆ. ಬೇರೆ ಎಲ್ಲಿಗೆ ಹೋದಾರು?

ಏಪ್ರಿಲ್ 9, ಬುಧವಾರ

ರೂಮು ಅವರಿಗೆ. ನಾನು ಹಾಲಿನಲ್ಲಿ. ಅಕ್ಕ ನನ್ನ ಜೊತೆ ಮಾತಾಡುವುದಿಲ್ಲ. ಭಾವನ ಮೂಲಕ.

“ರೀ, ಅವಳಿಗೆ ಹೇಳಿ, ಹಾಲು ಉಕ್ತಾ ಇದೆ ಅಂತ.”

“ಪೇಪರಮ್ಮ, ಹಾಲು ಉಕ್ತಾ ಇದೆಯಂತೆ.”

“ಭಾವ, ಒಲೆ ಮುಂದೆ ನಿಂತಿರೋದು ಅವಳೇ ಅಲ್ವಾ?”

“ಅದನ್ನೂ ದಾಟಿಸಬೇಕಾ? ಓವರ್‌ಲೋಡ್ ಆಗುತ್ತೆ ಕಣಮ್ಮ.”

ಅಕ್ಕನ ತುಟಿ ಅಲುಗಿತು, ಅಷ್ಟೇ. ನಗು ಹೊರಗೆ ಬರಲಿಲ್ಲ.

ಸಂಪಾದಕರು ಹೇಳಿ ಕಳಿಸಿದರು: ‘ಹಳೆ ಕಟ್ಟಡಗಳ ಅಪಾಯ — ಹೊಸ ಫ್ಲ್ಯಾಟೇ ಏಕೆ ಸುರಕ್ಷಿತ?’ ಇದು ತಲೆಬರಹ, ಕೆಳಗೆ ತುಂಬಿಸಿ. ನಾನು ಗುಂಡಿಯ ಬಗ್ಗೆ ತುಂಬಿಸಿ ಕೊಟ್ಟೆ. ಗುಂಡಿ ಕತ್ತರಿಸಿ, ಉಳಿದದ್ದಕ್ಕೆ ಬೇರೆ ಯಾರದೋ ಸಾಲು ಸೇರಿಸಿ ಹಾಕಿದ್ದಾರೆ. ಕೆಳಗೆ ನನ್ನ ಹೆಸರು. ಹಿಂಬದಿಯಲ್ಲಿ ಈಜುಕೊಳ. ‘ಕೆಲವೇ ಫ್ಲ್ಯಾಟುಗಳು ಬಾಕಿ.’

ಭಾವ ಓದಿ ಮಡಚಿ ದಿಂಬಿನಡಿ ಇಟ್ಟರು.

ಅವತ್ತು ಕಂಬಿಗೆ ಉಜ್ಜಿದ ಎಡಗಾಲಿನ ಹೆಬ್ಬೆರಳು ಕಪ್ಪಾಗಿದೆ. ಅಕ್ಕ ದಿನಾ ತೊಳೆದು ಮುಲಾಮು ಹಚ್ಚುತ್ತಾಳೆ.

ಏಪ್ರಿಲ್ 24, ಗುರುವಾರ

ಆಸ್ಪತ್ರೆ. ನಂಜು ಮೊಣಕಾಲಿನವರೆಗೆ ಏರಿದೆ. ತೆಗೆಯಬೇಕು, ತೆಗೆದರೂ ಹೇಳಲಾಗದು ಎಂದರು ಡಾಕ್ಟರು. ಭಾವ ಬೇಡ ಅಂದರು. “ಒಂದು ಚಕ್ರ ಇಲ್ದೆ ಹೇಗೋ ಓಡಿಸಿದೆ. ಎರಡೂ ಇಲ್ದೆ ಆಗಲ್ಲ ಸಾರ್.”

ಅಕ್ಕ ಗದರಿದಳು, ಗೋಗರೆದಳು. ಆಮೇಲೆ ಸಹಿ ಹಾಕಿದರು. ಅವಳಿಗೋಸ್ಕರ.

ಮೇ 2, ಶುಕ್ರವಾರ

ಆಪರೇಷನ್ ಆದ ಮೇಲೆ ಮಾತು ಕಡಿಮೆ. ಒಮ್ಮೆ ಎಚ್ಚರವಾದಾಗ ಅಕ್ಕ ನನ್ನನ್ನು ಹೊರಗೆ ಕಳಿಸಿದಳು. ಕೈಸನ್ನೆಯಲ್ಲಿ. ಒಳಗೆ ಏನೋ ಕೇಳುತ್ತಿದ್ದಳು. ಬಾಗಿಲ ಗಾಜಿನಿಂದ ಅವಳ ಬೆನ್ನು ಮಾತ್ರ ಕಂಡಿತು.

ಮೇ 6, ಮಂಗಳವಾರ

ಭಾವ ಹೋದರು. ಬೆಳಿಗ್ಗೆ.

ಮೇ 29, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಮಾತು ದಾಟಿಸುವವರಿಲ್ಲದ ಮನೆ. ಅಕ್ಕ ಅಡುಗೆ ಮಾಡಿಟ್ಟು ರೂಮಿಗೆ ಹೋಗುತ್ತಾಳೆ, ನಾನು ಬಡಿಸಿಕೊಂಡು ತಿಂದು ತಟ್ಟೆ ತೊಳೆಯುತ್ತೇನೆ. ಒಬ್ಬರು ಬಚ್ಚಲಲ್ಲಿದ್ದರೆ ಇನ್ನೊಬ್ಬರು ಹೊರಗಿನಿಂದ ಕೆಮ್ಮುವುದು.

ಇವತ್ತು ಆಫೀಸಿನಿಂದ ಬೇಗ ಬಂದೆ. ಅಕ್ಕ ಮಂಚದ ಮೇಲೆ ಭಾವನ ಶರ್ಟುಗಳನ್ನೆಲ್ಲ ಹರಡಿಕೊಂಡಿದ್ದಳು. ಯಾರಿಗಾದರೂ ಕೊಡಲಿಕ್ಕೆ. ನಾನು ಬಾಗಿಲಲ್ಲಿ ನಿಂತೆ. ತಲೆ ಎತ್ತದೆ ಕೇಳಿದಳು. ನನ್ನನ್ನೇ. ನೇರವಾಗಿ.

“ಆ ನರ್ಸಮ್ಮಂಗೆ ಹೇಳಿದ್ದು ಯಾರು?”

ಆಫೀಸಿನಲ್ಲಿ ನಾನಲ್ಲ ಎಂದು ಆಣೆ ಇಟ್ಟವಳು. ಈಗ ಬೇರೆ ಏನು ಹೇಳಲಿ? ಹೋದವರ ಮೇಲೆ ಹೊರಿಸಲೇ?

“ನಾನೇ ಅಕ್ಕ.”

ಒಂದು ಶರ್ಟಿನ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ಹಾಕಿದಳು.

“ಅವರೂ ಹಾಗೇ ಅಂದ್ರು. ಆಸ್ಪತ್ರೇಲಿ ಕೇಳಿದೆ. ನಿನ್ನ ತಂಗೀನೇ ಅಂದ್ರು.”

ಕೊನೆಯಲ್ಲಾದರೂ ನಿಜ ಹೇಳಿ ನನ್ನನ್ನು ಬಿಡಿಸಿ ಹೋಗುತ್ತಾರೆ ಅಂದುಕೊಂಡಿದ್ದೆ. ಇಷ್ಟು ದಿನ ಅದನ್ನೇ ನಂಬಿಕೊಂಡಿದ್ದೆ ಎಂದು ಆಗಲೇ ತಿಳಿದದ್ದು.

“ಹೇಳುವಾಗ ನನ್ನ ಮುಖ ನೋಡ್ಲಿಲ್ಲ,” ಅಕ್ಕ ಅಂದಳು. “ಮದುವೆ ಆದಾಗಿಂದ ನೋಡಿದೀನಿ. ಸುಳ್ಳು ಹೇಳುವಾಗ ಆ ಮನುಷ್ಯ ಕಿಟಕಿ ನೋಡ್ತಾರೆ.”

“ಅಕ್ಕ, ಹಾಗಾದ್ರೆ ನಿನಗೆ—”

“ಬೇಡ.” ಕೈ ಎತ್ತಿದಳು. “ಹೇಳ್ಬೇಡ. ನೀನೇ ಅಂತ ಇರ್ಲಿ. ನಿನ್ನ ಮೇಲಾದ್ರೆ ಕೋಪ ಮಾಡ್ಕೋಬಹುದು. ಎದುರಿಗೇ ಇದೀಯ. ಅವರ ಮೇಲೆ ಈಗ ಹೇಗೇ ಮಾಡ್ಕೊಳ್ಲಿ?”

ಶರ್ಟು ಮಡಚಿದಳು. ಸರಿ ಬರಲಿಲ್ಲ, ಬಿಚ್ಚಿ ಮತ್ತೆ ಮಡಚಿದಳು. ನಾನು ಹೋಗಿ ಪಕ್ಕದಲ್ಲಿ ಕೂತು ಒಂದು ತೆಗೆದುಕೊಂಡೆ. ಕಿತ್ತುಕೊಳ್ಳಲಿಲ್ಲ. ಕತ್ತಲಾಗುವವರೆಗೆ ಇಬ್ಬರೂ ಮಡಚಿದೆವು. ಕೊನೆಗೆ ಯಾವುದನ್ನೂ ಯಾರಿಗೂ ಕೊಡಲು ತೆಗೆದಿಡಲಿಲ್ಲ.

ಈಗ ಅಡುಗೆಮನೆಯಲ್ಲಿದ್ದಾಳೆ. ಪಾತ್ರೆ ಸದ್ದು. ಕರೆಯುತ್ತಿದ್ದಾಳೆ. ನನ್ನನ್ನೇ, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ. ಬಂದೆ ಅಕ್ಕ, ಒಂದು ನಿಮಿಷ, ಈ ಸಾಲು